ಎರಡು ಮಿಲಿಮೀಟರ್

ಮಾರ್ಚ್ ೪

ಪ್ರೀತಿಯ ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಮನೆಯಲ್ಲಿ ನಾವಿಬ್ಬರೂ ಕ್ಷೇಮ, ಮೂರನೆಯದು ಕ್ಷೇಮವಿಲ್ಲ. ಅದಕ್ಕೇ ಈ ಕಾಗದ. ನಿನ್ನಣ್ಣನ ಜೀಪನ್ನು ಶೆಡ್ಡಿನಿಂದ ಹೊರಗೆ ತೆಗೆದಿದ್ದೇವೆ. ಎರಡು ವರ್ಷದಿಂದ ನಾನು ಅದರ ಮುಖ ನೋಡಿರಲಿಲ್ಲ. ಎಲ್ಲಾ ಚೂಟಿಯ ಹಟ. ಗುಡ್ಡದ ಮೇಲಿನ ಆಸ್ಪತ್ರೆಯವರು ನರ್ಸುಗಳನ್ನು ಕರೆದೊಯ್ಯಲು ಗಾಡಿ ಸಮೇತ ಡ್ರೈವರ್ ಬೇಕೆಂದು ಕೇಳಿದ್ದರಂತೆ. ಅಪ್ಪನ ಕೆಲಸ ತನಗೇ ಸಿಗಬೇಕೆಂದು ಹೋಗಿ ಒಪ್ಪಿಕೊಂಡು ಬಂದಿದ್ದಾಳೆ. ಏಪ್ರಿಲ್ ಕೊನೆಯವರೆಗೆ ನೋಡುತ್ತಾರೆ, ಸರಿಹೋದರೆ ಕಾಯಂ. ಇಪ್ಪತ್ಮೂರು ವರ್ಷದವಳು, ಸೂಜಿಗೆ ದಾರ ಪೋಣಿಸು ಎಂದರೆ ಕಣ್ಣು ಕಾಣುವುದಿಲ್ಲ, ಸ್ಟೀರಿಂಗ್ ಕೊಟ್ಟರೆ ಅಪ್ಪನನ್ನೇ ಮೀರಿಸುತ್ತಾಳೆ.

ತಗಡಿನ ಕೆಲಸದವನು ಜೀಪಿನ ಮೈ ನೆಟ್ಟಗೆ ಮಾಡಿಕೊಟ್ಟ. ಇಂಜಿನ್ನಿಗೆ ಅವತ್ತೂ ಏನೂ ಆಗಿರಲಿಲ್ಲವಂತೆ, ಬ್ಯಾಟರಿ ಹಾಕಿದ ಕೂಡಲೇ ಎದ್ದು ಕೂತಿತು. ಊರಿನ ರಸ್ತೆಯಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ. ಆದರೆ ಗುಡ್ಡ ಹತ್ತುವಾಗ ಮೂರನೇ ತಿರುವಿನಲ್ಲಿ ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತದೆ. ಪೆಟ್ರೋಲ್ ವಾಸನೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಎದ್ದೇಳುತ್ತದೆ. ಹೌದು, ಅವರು ಜೀಪಿನ ಸಮೇತ ಕೆಳಗೆ ಬಿದ್ದ ತಿರುವೇ ಅದು. ಅಲ್ಲಿ ರಸ್ತೆ ಗೋಡೆಯ ಹಾಗೆ ನಿಂತಿದೆ, ಯಾವ ಗಾಡಿಯಾದರೂ ಏದುಸಿರು ಬಿಡುತ್ತದೆ.

ಇಲ್ಲಿಯ ಮೆಕ್ಯಾನಿಕ್ ಹೊಸ ಕಾರುಗಳವನು. ಬಾನೆಟ್ ಎತ್ತಿ ನೋಡಿ, "ಕಾರ್ಬುರೇಟರಾ? ನಮ್ಮ ತಾತನ್ನ ಕೇಳ್ಬೇಕಮ್ಮ, ಅವ್ರೂ ಇಲ್ಲ" ಅಂದ. ನಮ್ಮ ಮನೆಯಲ್ಲೇ ಸರ್ಟಿಫಿಕೇಟ್ ಇರುವ ಮೆಕ್ಯಾನಿಕ್ ಇರುವಾಗ ನಾನೇಕೆ ಸತ್ತ ತಾತನನ್ನು ಹುಡುಕಲಿ? ಫೋನಿನಲ್ಲಿ ಹೇಳಬೇಡ, ತಲೆಗೆ ಹತ್ತುವುದಿಲ್ಲ. ಹಾಗೆ ನೋಡಿದರೆ ನೀನು ಫೋನೂ ಎತ್ತುವುದಿಲ್ಲ. ಬರೆದು ಕಳಿಸು, ಕಾಗದ ಮುಂದಿಟ್ಟುಕೊಂಡು ನಾನೇ ಮಾಡುತ್ತೇನೆ. ಮೂವತ್ತು ವರ್ಷ ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದ ಕೈ ಇದು.

ಇಂತು,
ನಿನ್ನ ಅತ್ತಿಗೆ


ಮಾರ್ಚ್ ೧೫

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಏಳು ದಿನವಾಯಿತು. ವರ್ಕ್‌ಶಾಪಿನಲ್ಲಿ ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು, ಆದರೆ ಅದು ನಿಜವಲ್ಲ. ಜೀಪನ್ನು ನೀವು ಮಾರಿರುತ್ತೀರಿ ಎಂದುಕೊಂಡಿದ್ದೆ. ಈಗಲೂ ಮಾರಿಬಿಡುವುದು ಒಳ್ಳೆಯದು. ಚೂಟಿಗೆ ಬೇರೆ ಗಾಡಿ ನೋಡೋಣ, ನಾನೂ ಕೈಲಾದಷ್ಟು ಮಾಡುತ್ತೇನೆ.

ಬೇಡವೆಂದರೆ ಕಾರ್ಬುರೇಟರ್ ಒಂದನ್ನೇ ಬಿಚ್ಚಿಸಿ ನನಗೆ ಪಾರ್ಸೆಲ್ ಮಾಡಿ. ನಾಲ್ಕು ನಟ್ಟು, ಎರಡು ಪೈಪು, ಅಷ್ಟೇ. ಸರಿ ಮಾಡಿ ಎರಡು ವಾರದಲ್ಲಿ ವಾಪಸ್ ಕಳಿಸುತ್ತೇನೆ.

ಅದೂ ಆಗದಿದ್ದರೆ ಹೀಗೆ ಮಾಡಿ. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಅಷ್ಟೇ ಪೆಟ್ರೋಲ್ ಹೋದರೂ ಇಂಜಿನ್ನಿಗೆ ಹೆಚ್ಚಾಗುತ್ತದೆ. ಆದ್ದರಿಂದ ಪೆಟ್ರೋಲ್ ಅಳೆದು ಬಿಡುವ, ಚಿಕ್ಕ ತೂತಿನ ಜೆಟ್ ಒಂದನ್ನು ಈ ಕಾಗದದ ಜೊತೆ ಸುತ್ತಿ ಇಟ್ಟಿದ್ದೇನೆ. ಕಾರ್ಬುರೇಟರ್ ಬುಡದಲ್ಲಿ ದೊಡ್ಡ ಬೋಲ್ಟ್ ಇದೆ, ಅದನ್ನು ಬಿಚ್ಚಿದರೆ ಹಳೆಯ ಜೆಟ್ ಕಾಣುತ್ತದೆ. ತೆಗೆದು ಇದನ್ನು ಹಾಕಿ. ಆಮೇಲೆ ಪಕ್ಕದ ಸಣ್ಣ ಸ್ಕ್ರೂವನ್ನು ಮೆಲ್ಲಗೆ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹಿಂದಕ್ಕೆ ಬನ್ನಿ. ಇಂಜಿನ್ ಒಂದೇ ಸಮನೆ ಉಸಿರಾಡುವ ಜಾಗದಲ್ಲಿ ಬಿಡಿ. ಮೇಲಿನ ಮುಚ್ಚಳ ಬಿಚ್ಚುವ ಅಗತ್ಯವಿಲ್ಲ.

ಸರಿಹೋಗುವವರೆಗೆ ಚೂಟಿ ಜನರನ್ನು ಕೂರಿಸಿಕೊಂಡು ಆ ತಿರುವು ಹತ್ತುವುದು ಬೇಡ. ಇದೊಂದನ್ನು ಅವಳಿಗೆ ನನ್ನ ಆಣೆ ಹಾಕಿ ಹೇಳಿ.

ಇಂತು ನಿಮ್ಮ
ಮೈದುನ


ಮಾರ್ಚ್ ೨೪

ಮೈದುನನಿಗೆ ಆಶೀರ್ವಾದ.

ಮಾರು ಅನ್ನುತ್ತೀಯಲ್ಲ, ಕೊಳ್ಳುವವನು ಯಾರು? ಆ ಜೀಪಿನ ಕಥೆ ಗೊತ್ತಿಲ್ಲದವರು ಈ ಊರಲ್ಲಿಲ್ಲ. ಪಾರ್ಸೆಲ್ ಮಾಡಿ ಎರಡು ವಾರ ಕೂತರೆ ಆಸ್ಪತ್ರೆಯವರು ಇನ್ನೊಬ್ಬರನ್ನು ನೋಡಿಕೊಳ್ಳುತ್ತಾರೆ. ನೀನು ಹೇಳಿದ್ದನ್ನು ಮಾಡಿದೆ. ಜೆಟ್ ಅಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ, ನೋಡಿದರೆ ಬ್ಲೌಸಿನ ಹುಕ್ಕಿಗಿಂತ ಚಿಕ್ಕದು. ಬೋಲ್ಟ್ ಬಿಚ್ಚಿದಾಗ ಮೊಣಕೈವರೆಗೆ ಪೆಟ್ರೋಲ್ ಇಳಿಯಿತು. ಅವತ್ತೆಲ್ಲ ನಾನು ಮುಟ್ಟಿದ ಬಟ್ಟೆಯೆಲ್ಲ ಅದೇ ವಾಸನೆ, ಮದುವೆ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡೇ ಅಳತೆ ಕೊಟ್ಟು ಹೋದಳು.

ಮೊದಲಿಗಿಂತ ವಾಸಿ. ಖಾಲಿ ಗಾಡಿ ಒಂದೇ ಉಸಿರಿಗೆ ಹತ್ತುತ್ತದೆ. ಇಬ್ಬರು ಕೂತು, ಇಂಜಿನ್ ಕಾದಿದ್ದರೆ ಮತ್ತೆ ಅದೇ ಕೆಮ್ಮು, ಅದೇ ವಾಸನೆ.

ನಿನಗೆ ಹೇಳದೆ ಇನ್ನಾರಿಗೆ ಹೇಳಲಿ, ನಾನೂ ಚೂಟಿಯೂ ಮಾತು ಬಿಟ್ಟು ಐದು ದಿನವಾಯಿತು. ಅವತ್ತು ಅವಳು ಹೊರಡುವಾಗ, "ಆ ತಿರುವಲ್ಲಿ ನಿಲ್ಲಿಸ್ಬೇಡ, ನಿಲ್ಲಿಸಿದ್ರೆ ಚಕ್ರಕ್ಕೆ ಕಲ್ಲು ಕೊಡು, ನಿಮ್ಮಪ್ಪನ ಹಾಗೆ ಮಾಡ್ಬೇಡ" ಅಂದೆ. ಅಷ್ಟಕ್ಕೇ ಸಿಡಿದುಬಿದ್ದಳು. "ಅಪ್ಪ ಅಲ್ಲಿ ಸಿಗರೇಟ್ ಸೇದ್ತಾ ಕೂತಿರ್ಲಿಲ್ಲ. ಬಿಟ್ಟಿದ್ರು ಅಂದ್ರೆ ಬಿಟ್ಟಿದ್ರು" ಅಂತ ಬಾಗಿಲು ಬಡಿದು ಹೋದಳು.

ಅವರು ಬಿದ್ದ ದಿನ ಜೀಪಿನ ಗೇರು ನ್ಯೂಟ್ರಲ್‌ನಲ್ಲಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು, ಮೇಲೆ ತಿರುವಿನಲ್ಲಿ ಚಕ್ರಕ್ಕೆ ಕೊಟ್ಟ ಕಲ್ಲಿರಲಿಲ್ಲ. ಇದನ್ನು ನೀನೂ ಕಣ್ಣಾರೆ ನೋಡಿದ್ದೀ. ಆ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಕೂತಲ್ಲೇ ಒಂದು ಸಿಗರೇಟು ಸೇದಿ ಮುಂದೆ ಹೋಗುವುದು ಅವರ ಹಳೆಯ ಚಟ. ಬಿಟ್ಟಿದ್ದೇನೆ ಎಂದು ನನಗೆ ಮಾತು ಕೊಟ್ಟು ಎಂಟು ತಿಂಗಳಾಗಿತ್ತು. ಒಂದು ಸಿಗರೇಟಿಗಾಗಿ ನಮ್ಮಿಬ್ಬರನ್ನು ಬಿಟ್ಟು ಹೋದರಲ್ಲ ಎಂದು ನಾನು ದಿನಾ ಬೆಳಿಗ್ಗೆ ಫೋಟೋ ಒರೆಸುವಾಗ ಬೈಯುತ್ತೇನೆ. ಬೈದುಕೊಂಡೇ ಕಾಫಿ ಕಾಯಿಸುತ್ತೇನೆ. ಮಗಳು ಅದನ್ನು ಸಹಿಸುವುದಿಲ್ಲ. ಅವಳಿಗೆ ಅಪ್ಪ ದೇವರು, ನನಗೆ ಗಂಡ.

ಇನ್ನೇನು ಮಾಡಬೇಕು ಬರೆ. ಬೇಗ ಬರೆ.

ಇಂತು,
ಅತ್ತಿಗೆ


ಏಪ್ರಿಲ್ ೨

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಂತಾಗ ಹೊಗೆ ಕಪ್ಪಗಿರುತ್ತದೆಯೇ? ಪ್ಲಗ್ ಬಿಚ್ಚಿದರೆ ಒದ್ದೆಯಾಗಿರುತ್ತದೆಯೇ? ಇವೆರಡನ್ನು ನೋಡಿ ತಿಳಿಸಿ. ಕಾರ್ಬುರೇಟರ್ ಕಳಿಸುವುದೇ ಉತ್ತಮ ಎಂದು ಮತ್ತೊಮ್ಮೆ ಹೇಳುತ್ತೇನೆ. ಆಸ್ಪತ್ರೆಯವರ ಹತ್ತಿರ ನಾನೇ ಮಾತಾಡಲೇ?

ಚೂಟಿಯ ಜೊತೆ ಜಗಳ ಬೇಡ. ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇಷ್ಟೇ ಉಳಿಯಿತು.

ಇಂತು ನಿಮ್ಮ
ಮೈದುನ


ಏಪ್ರಿಲ್ ೧೧

ಚಿಕ್ಕಪ್ಪನಿಗೆ ಚೂಟಿಯ ನಮಸ್ಕಾರ.

ಅಮ್ಮನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಹೊಗೆ ಕಪ್ಪು. ಪ್ಲಗ್ ಒದ್ದೆ. ನಿಮ್ಮ ಎರಡು ಪ್ರಶ್ನೆಗೂ ಉತ್ತರವಾಯಿತು. ಈಗ ನನ್ನ ಪ್ರಶ್ನೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಇಬ್ಬರು ನರ್ಸುಗಳು, ಬಟ್ಟೆ ಒಗೆಯುವ ವಿಭಾಗದ ಒಬ್ಬರು ಹೆಂಗಸು, ಮೂವರನ್ನು ಕೂರಿಸಿಕೊಂಡು ಹತ್ತುತ್ತಿದ್ದೆ. ನೀವು ಬೇಡ ಎಂದಿದ್ದಿರಿ, ಗೊತ್ತು. ನರ್ಸುಗಳು ನಡೆದು ಹೋಗಲಿ ಎಂದು ಹೇಗೆ ಹೇಳಲಿ? ಮೂರನೇ ತಿರುವಿನಲ್ಲಿ ಇಂಜಿನ್ ಸತ್ತಿತು. ಬ್ರೇಕ್ ಒತ್ತಿ ಹಿಡಿದೆ. ಪೆಟ್ರೋಲ್ ಕುಡಿದು ಸತ್ತ ಇಂಜಿನ್ನನ್ನು ಎಬ್ಬಿಸಬೇಕಾದರೆ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡೇ ಸ್ಟಾರ್ಟ್ ಮಾಡಬೇಕು. ಅದಕ್ಕೆ ಬ್ರೇಕಿನ ಮೇಲಿನ ಕಾಲು ತೆಗೆಯಲೇಬೇಕು. ನನ್ನ ಕೈ ತಾನಾಗಿಯೇ ಗೇರನ್ನು ನ್ಯೂಟ್ರಲ್‌ಗೆ ತಂದಿತು, ಹ್ಯಾಂಡ್‌ಬ್ರೇಕ್ ಎಳೆಯಿತು. ಕಾಲು ತೆಗೆದೆ. ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ ಚಿಕ್ಕಪ್ಪ. ಹಿಂದಕ್ಕೆ ಹನ್ನೆರಡು ಅಡಿ ಹೋದೆವು. ಹಿಂದಿನ ಚಕ್ರ ಚರಂಡಿಗೆ ಬಿದ್ದು ಗಾಡಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಚರಂಡಿ ಇರುವುದು ಒಂದು ಕಡೆ ಮಾತ್ರ, ಇನ್ನೊಂದು ಕಡೆ ಏನಿದೆ ಎಂದು ನಿಮಗೆ ಗೊತ್ತು.

ಇಳಿದು ನೋಡಿದೆ. ಗೇರು ನ್ಯೂಟ್ರಲ್. ಹ್ಯಾಂಡ್‌ಬ್ರೇಕ್ ಎಳೆದಿದೆ. ಚಕ್ರಕ್ಕೆ ಕಲ್ಲಿಲ್ಲ. ನಾನು ಸಿಗರೇಟು ಸೇದುತ್ತಿರಲಿಲ್ಲ.

ಅಪ್ಪನಿಗೂ ಹೀಗೇ ಆಗಿರಬೇಕಲ್ಲವೇ? ಅಮ್ಮನಿಗೆ ಹೇಳಿದೆ. "ಸತ್ತೋರಿಗೆ ಬಣ್ಣ ಹಚ್ಚೋಕೆ ಹೋಗ್ಬೇಡ" ಅಂದರು. ಆದರೆ ಅಪ್ಪ ಇದೇ ಜೀಪಿನಲ್ಲಿ ಹದಿನೆಂಟು ವರ್ಷ ಅದೇ ತಿರುವು ಹತ್ತಿದ್ದರು, ಒಂದು ದಿನವೂ ಕೆಮ್ಮಿದ್ದು ನಾನು ಕೇಳಿಲ್ಲ. ಅಪ್ಪ ಬಿದ್ದದ್ದರ ಹಿಂದಿನ ದಿನ ನೀವು ನಮ್ಮ ಮನೆಯಲ್ಲೇ ಇದ್ದಿರಿ. ಬಾನೆಟ್ ಎತ್ತಿಕೊಂಡು ಮಧ್ಯಾಹ್ನವೆಲ್ಲ ಏನೋ ಮಾಡುತ್ತಿದ್ದುದು ನನಗೆ ನೆನಪಿದೆ. ಕಾರ್ಬುರೇಟರ್ ಅವತ್ತು ಸರಿ ಇತ್ತೇ? ನಿಮ್ಮ ಮಾತನ್ನು ಅಮ್ಮ ನಂಬುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ.

ಇಂತು ನಿಮ್ಮ
ಚೂಟಿ


ಏಪ್ರಿಲ್ ೧೬

ಪೂಜ್ಯ ಅತ್ತಿಗೆಯವರಿಗೆ,

ಚೂಟಿ ನನಗೆ ಬರೆದಿದ್ದಾಳೆ. ಅವಳನ್ನು ಬೈಯಬೇಡಿ. ಈ ಕಾಗದವನ್ನು ಇಬ್ಬರೂ ಓದಿ. ಓದುವವರೆಗೆ ಜೀಪು ಹೊರಗೆ ತೆಗೆಯಬೇಡಿ.

ಕಾರ್ಬುರೇಟರಿನಲ್ಲಿ ಒಂದು ಪುಟ್ಟ ತೊಟ್ಟಿ ಇದೆ, ಅದರಲ್ಲಿ ಪೆಟ್ರೋಲ್ ನಿಂತಿರುತ್ತದೆ. ತೊಟ್ಟಿಯಲ್ಲಿ ತೇಲುವ ಹಿತ್ತಾಳೆಯ ಬುರುಡೆಯೊಂದಿದೆ, ಅದಕ್ಕೆ ಫ್ಲೋಟ್ ಎನ್ನುತ್ತೇವೆ. ಪೆಟ್ರೋಲ್ ಏರಿದಂತೆ ಫ್ಲೋಟ್ ಏರುತ್ತದೆ, ಒಂದು ಮಟ್ಟಕ್ಕೆ ಬಂದಾಗ ಸೂಜಿಯನ್ನು ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಮಟ್ಟ ಎಷ್ಟಿರಬೇಕು ಎಂದು ಪುಸ್ತಕದಲ್ಲಿದೆ. ಆದರೆ ಪುಸ್ತಕ ಬರೆದದ್ದು ಸಮನೆಲದ ರಸ್ತೆಗೆ. ಕಡಿದಾದ ಏರಿನಲ್ಲಿ ಗಾಡಿ ಮೂತಿ ಎತ್ತಿದಾಗ ತೊಟ್ಟಿಯೂ ಓರೆಯಾಗುತ್ತದೆ, ಪೆಟ್ರೋಲ್ ತುಳುಕಿ ಇಂಜಿನ್ನಿಗೆ ಸುರಿಯುತ್ತದೆ, ಇಂಜಿನ್ ಉಸಿರುಗಟ್ಟಿ ಸಾಯುತ್ತದೆ. ಏರಿನ ಗಾಡಿಗೆ ಮಟ್ಟ ಸ್ವಲ್ಪ ಕೆಳಗಿರಬೇಕು.

ಅಣ್ಣನಿಗೆ ಇದು ಗೊತ್ತಿತ್ತು. ಅವನು ಯಾವ ಪುಸ್ತಕವನ್ನೂ ಓದಿದವನಲ್ಲ. ಒಮ್ಮೆ ನನಗೆ ಹೇಳಿದ್ದ, "ತುಂಬಿದ ಕೊಡ ತುಳುಕಲ್ಲ ಅಂತಾರಲ್ಲೋ ಇಂಜಿನಿಯರ್ರೇ, ಗುಡ್ಡ ಹತ್ತಿಸಿ ನೋಡು, ತುಂಬಿದ್ದೇ ತುಳುಕೋದು." ನಾನು ತಮಾಷೆ ಎಂದುಕೊಂಡು ನಕ್ಕಿದ್ದೆ.

ಆ ಭಾನುವಾರ ಮಧ್ಯಾಹ್ನ ಊಟ ಮಾಡಿ ಅಣ್ಣ ಮಲಗಿದ್ದ. ಹೊತ್ತು ಹೋಗದೆ ನಾನು ಕಾರ್ಬುರೇಟರ್ ಬಿಚ್ಚಿ ತೊಳೆದೆ. ಮುಚ್ಚಳ ತಿರುಗಿಸಿ ಅಳೆದರೆ ಫ್ಲೋಟಿಗೂ ಮುಚ್ಚಳಕ್ಕೂ ನಡುವೆ ಎಂಟು ಮಿಲಿಮೀಟರ್ ಅಂತರ. ಪುಸ್ತಕದ ಪ್ರಕಾರ ಆರು. ಫ್ಲೋಟಿನ ತೋಳಿನ ತುದಿಯಲ್ಲಿ ಸೂಜಿಯನ್ನು ಒತ್ತುವ ಸಣ್ಣ ತಗಡನ್ನು ಯಾರೋ ಇಕ್ಕಳದಿಂದ ಒರಟಾಗಿ ಬಗ್ಗಿಸಿದ್ದರು. ಯಾವ ದಡ್ಡ ಮಾಡಿದ್ದು ಎಂದುಕೊಂಡೆ. ನೆಟ್ಟಗೆ ಮಾಡಿದೆ, ಅಳೆದೆ, ಆರಕ್ಕೆ ತಂದೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಅಣ್ಣನಿಗೆ ಹೇಳಲಿಲ್ಲ. ಗಾಡಿ ನುಣ್ಣಗೆ ಓಡುವುದನ್ನು ನೋಡಿ ಅವನೇ ಕೇಳಲಿ, ಆಗ ಹೇಳಿದರೆ ಮರ್ಯಾದೆ ಜಾಸ್ತಿ ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಬಿಡಲು ಬಂದಾಗ ಜೀಪಿನ ಸ್ಟೀರಿಂಗ್ ತಟ್ಟಿ, "ಮುದುಕಿಗೆ ಇವತ್ತು ಪ್ರಾಯ ಬಂದಿದೆ ಕಣೋ" ಅಂದ. ನಾನು ನಕ್ಕು ಬಸ್ಸು ಹತ್ತಿದೆ. ಅವನು ಅಲ್ಲಿಂದ ಸೀದಾ ಗುಡ್ಡಕ್ಕೆ ಹೋದ.

ನಾನು ವಾಪಸ್ ಬಂದು ಕೆಳಗೆ ಬಿದ್ದಿದ್ದ ಜೀಪಿನ ಹತ್ತಿರ ನಿಂತಾಗಲೇ ಗೊತ್ತಾಯಿತು. ಕಾರ್ಬುರೇಟರಿನ ಬಾಯಿ ಪೆಟ್ರೋಲ್ ಕಲೆಯಿಂದ ಕಪ್ಪಾಗಿತ್ತು. ಜನ ಸಿಗರೇಟು ಎಂದರು. ನಾನು ಸುಮ್ಮನಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಎರಡು ವರ್ಷವಾಯಿತು. ಮೊನ್ನೆ ಪಾರ್ಸೆಲ್ ಮಾಡಿ ಎಂದದ್ದೂ ಅದಕ್ಕೇ. ನಿಮಗೆ ಹೇಳದೆಯೇ ಸರಿಮಾಡಿ ಕಳಿಸಿಬಿಡಬೇಕೆಂದಿದ್ದೆ. ಅದರ ನಡುವೆ ಚೂಟಿಯನ್ನೂ ಅದೇ ತಿರುವಿಗೆ ಕಳಿಸಿದೆ. ಅಣ್ಣ ಸಿಗರೇಟು ಸೇದುತ್ತಿರಲಿಲ್ಲ ಅತ್ತಿಗೆ. ಅವನನ್ನು ನಾನು ಕೊಂದೆ.

ಈಗ ಹೀಗೆ ಮಾಡಿ. ಮುಚ್ಚಳದ ಐದು ಸ್ಕ್ರೂ ಬಿಚ್ಚಿ, ಮುಚ್ಚಳವನ್ನು ತಲೆಕೆಳಗಾಗಿ ಹಿಡಿಯಿರಿ. ಆ ಸಣ್ಣ ತಗಡನ್ನು ಕೂದಲೆಳೆಯಷ್ಟು ಬಗ್ಗಿಸಿ, ಅಂತರ ಎಂಟಕ್ಕೆ ಬರಲಿ. ಒಂದೇ ಸಲ ಬಗ್ಗಿಸಬೇಡಿ, ಮುರಿಯುತ್ತದೆ. ಹ್ಯಾಂಡ್‌ಬ್ರೇಕಿನ ಕೇಬಲ್ ಹೊಸದು ಹಾಕಿಸಿ. ಇನ್ನೊಂದು. ಅವತ್ತು ಟೂಲ್ ಬಾಕ್ಸಿನಲ್ಲಿ ಎರಡು ದಪ್ಪ ಕೋಟಿನ ಗುಂಡಿ ದಾರದಲ್ಲಿ ಕಟ್ಟಿಟ್ಟಿದ್ದು ಸಿಕ್ಕಿತ್ತು. ನಿಮ್ಮ ಹೊಲಿಗೆಯದು ಹೇಗೋ ಬಿದ್ದಿದೆ ಎಂದು ತಂದು ನಿಮ್ಮ ಕೈಗೆ ಕೊಟ್ಟೆ. ಅದು ಅಣ್ಣನ ಅಳತೆಯಾಗಿತ್ತು. ಎರಡು ಗುಂಡಿ ಸೇರಿದರೆ ಎಂಟು ಮಿಲಿಮೀಟರ್.

ನೀವು ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಈ ಜನ್ಮದಲ್ಲಿ ಮುಖ ತೋರಿಸುವುದಿಲ್ಲ.

ಮೈದುನ


ಮೇ ೯

ಮೈದುನನಿಗೆ,

ನಿನ್ನ ಕಾಗದ ಬಂದ ದಿನ ಚೂಟಿ ಓದಿದಳು, ನಾನು ಕೇಳಿದೆ. ಓದಿ ಮುಗಿಸಿ ಅವಳು ನನ್ನ ಮುಖ ನೋಡಲಿಲ್ಲ, ಹೋಗಿ ಜೀಪಿನ ಒಳಗೆ ಕೂತು ಅತ್ತಳು. ನಾನು ಮಾರನೇ ದಿನ ಕೆಲಸ ಮುಗಿಸಿಯೇ ಅತ್ತದ್ದು. ಮೊದಲು ಮುಚ್ಚಳ ಬಿಚ್ಚಿದೆ.

ಗುಂಡಿಗಳನ್ನು ಹುಡುಕಿದೆ. ಡಬ್ಬಿಯಲ್ಲಿ ಒಂದೇ ಸಿಕ್ಕಿತು. ಇನ್ನೊಂದನ್ನು ದಾರ ಕತ್ತರಿಸಿ ಯಾರದೋ ಕೋಟಿಗೆ ಹೊಲಿದು ಕೊಟ್ಟಿರಬೇಕು, ಯಾರದೆಂದು ನೆನಪಿಲ್ಲ. ಅಳತೆಪಟ್ಟಿ ಹಿಡಿದೇ ಮಾಡಿದೆ. ಐದು ಸಲ ಬಗ್ಗಿಸಿ, ಐದು ಸಲ ಅಳೆದೆ. ಆ ತಗಡಿನ ಮೇಲೆ ಇಕ್ಕಳದ ಹಲ್ಲಿನ ಗುರುತು ಎರಡು ಜೊತೆ ಇತ್ತು, ಒಂದು ಒರಟು, ಒಂದು ನಾಜೂಕು. ಯಾವುದು ಯಾರದೆಂದು ನಾನು ಹೇಳಬಲ್ಲೆ, ಕೈಕೆಲಸ ನೋಡಿದರೆ ನನಗೆ ಆಳು ಗೊತ್ತಾಗುತ್ತದೆ.

ಜೀಪು ಹತ್ತುತ್ತದೆ. ನಾಲ್ಕು ಜನರನ್ನು ಕೂರಿಸಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ, ಮೂರನೇ ತಿರುವಿನಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ನಾನೂ ಒಂದು ದಿನ ಪಕ್ಕದಲ್ಲಿ ಕೂತು ಹೋಗಿ ಬಂದೆ. ಕೆಲಸ ಚೂಟಿಗೆ ಕಾಯಂ ಆಗಿದೆ.

ನೀನು ಕೊಂದೆ ಎಂದು ಬರೆದಿದ್ದೀ. ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಅಣ್ಣನ ಗಾಡಿ ಚೆನ್ನಾಗಿರಲಿ ಎಂದು ಮಾಡಿದೆ, ಅದು ತಪ್ಪಾಯಿತು. ಬಟ್ಟೆ ಕತ್ತರಿಸುವ ಕೈಗೂ ತಪ್ಪಾಗುತ್ತದೆ. ಆದರೆ ನಿನ್ನ ಅಷ್ಟುದ್ದದ ಕಾಗದದಲ್ಲಿ ಒಂದು ಸಂಗತಿ ಇಲ್ಲ. ನೀನು ಬರೆಯುತ್ತೀಯೇನೋ ಎಂದು ಮೂರು ವಾರ ಕಾದೆ. ಬರೆಯಲಿಲ್ಲ, ನಾನೇ ಬರೆಯುತ್ತೇನೆ.

ಅವತ್ತು ಪೊಲೀಸ್ ಸ್ಟೇಷನ್ನಿನಲ್ಲಿ ನನ್ನನ್ನು ಕೂರಿಸಿ, ಹೇಗಾಯಿತಮ್ಮಾ ಎಂದು ಕೇಳಿದರು. ನಮ್ಮ ಯಜಮಾನರಿಗೆ ಆ ತಿರುವಿನಲ್ಲಿ ನಿಲ್ಲಿಸಿ ಸಿಗರೇಟು ಸೇದುವ ಚಟವಿತ್ತು, ಎಷ್ಟು ಹೇಳಿದರೂ ಕಲ್ಲು ಕೊಡುತ್ತಿರಲಿಲ್ಲ ಎಂದು ಹೇಳಿದವಳು ನಾನು. ಅದನ್ನು ಹಾಗೇ ಬರೆದುಕೊಂಡು, ಚಾಲಕನ ಅಜಾಗರೂಕತೆ ಎಂದು ಕೆಳಗೆ ಬರೆದು ನನ್ನ ಮುಂದಿಟ್ಟರು. ಅವರು ಕೊಟ್ಟ ಪೆನ್ನು ಮೂಡಲಿಲ್ಲ. ನನ್ನ ಪಕ್ಕದಲ್ಲಿ ನೀನಿದ್ದೆ. ನೀನು ಜೇಬಿನಿಂದ ನಿನ್ನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ನನ್ನ ಕೈಗೆ ಕೊಟ್ಟೆ. ನಾನು ಸಹಿ ಹಾಕಿದೆ.

ಅದನ್ನು ನಾನು ಹೇಗೆ ನುಂಗಲಿ, ನೀನೇ ಹೇಳು.

ಇದೇ ಇಪ್ಪತ್ತನೇ ತಾರೀಖು ಸೋಮವಾರ ನಾನು ಮತ್ತೆ ಸ್ಟೇಷನ್ನಿಗೆ ಹೋಗುತ್ತೇನೆ. ಆ ಹೇಳಿಕೆ ತಪ್ಪು ಎಂದು ಬರೆದುಕೊಡುತ್ತೇನೆ. ನಗಲಿ, ಬೈಯಲಿ, ಎರಡು ವರ್ಷದ ಮೇಲೆ ಬಂದಿದ್ದೀಯಲ್ಲ ಎನ್ನಲಿ. ನೀನು ಅಲ್ಲಿಗೆ ಬಾ. ಬಂದು ನಿನ್ನ ಬಾಯಲ್ಲೇ ಹೇಳು, ಬರೆಸು, ಸಹಿ ಹಾಕು. ಮನೆಗೆ ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಅದು ನನ್ನಿಂದ ಇನ್ನೂ ಆಗುತ್ತಿಲ್ಲ.

ಚೂಟಿ ಈಗ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ. "ನಾನ್ ಹೇಳಿರ್ಲಿಲ್ವಾ" ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಬೆಳಿಗ್ಗೆ ಅವಳು ಹೋದ ಮೇಲೆ ಫೋಟೋ ಒರೆಸುತ್ತೇನೆ. ಎರಡು ವರ್ಷ ಬೈಯುವ ನೆಪದಲ್ಲಾದರೂ ಅವರ ಜೊತೆ ದಿನಾ ಮಾತಾಡುತ್ತಿದ್ದೆ. ಈಗ ಬೈಯಲು ಏನೂ ಉಳಿದಿಲ್ಲ. ಬೇರೆ ಏನು ಮಾತಾಡಬೇಕೆಂದು ಗೊತ್ತಾಗದೆ, ಒರೆಸಿ, ಸುಮ್ಮನೆ ಒಳಗೆ ಬರುತ್ತೇನೆ.

ಅತ್ತಿಗೆ